ಗುಡ್ಡ ಹತ್ತಿ ಹಳ್ಳಕ್ಕೆ ಇಳಿಯಲು ಯಾವ ಬೂಟು?

ಪ್ರಶ್ನೆ: ನಮಸ್ಕಾರ ಸರ್. ನಾನು ಗದಗಿನವನು. ಮುಂಡರಗಿ ಕಡೆ ತುಂಗಭದ್ರೆಯಲ್ಲಿ ಗಾಳ ಹಾಕುತ್ತಾ ಬೆಳೆದವನು. ಏಪ್ರಿಲ್‌ನಲ್ಲಿ ಗೆಳೆಯರ ಜೊತೆ ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಮೀನು ಹಿಡಿಯಲು ಹೊರಟಿದ್ದೇನೆ. ಮೇಲಿನ ಹಳ್ಳಗಳಿಗೆ ಒಂದೆರಡು ತಾಸು ನಡೆಯಬೇಕಂತೆ. ಗಮ್‌ಬೂಟು ಸಾಕಾ? ನೀರಿಗಿಳಿದು ನಿಲ್ಲಲೆಂದೇ ಮಾಡಿದ ವೇಡಿಂಗ್ ಬೂಟೇ ಬೇಕೆಂದರೆ ಹಗುರವಾದದ್ದು ಯಾವುದು? ಅದರ ಅಡಿಗೆ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಸೋಲೋ, ರಬ್ಬರ್ ಸೋಲೋ?

ಉತ್ತರ: ಗಮ್‌ಬೂಟು ಬೇಡವೇ ಬೇಡ. ಸ್ವಲ್ಪ ಆಳಕ್ಕೆ ಇಳಿದರೆ ಒಳಗೆ ನೀರು ತುಂಬುತ್ತದೆ, ಹೊರಗೆ ಹೋಗಲು ದಾರಿಯೇ ಇಲ್ಲ. ಸೆಳವಿನಲ್ಲಿ ಕಾಲು ಎತ್ತುವುದೇ ಕಷ್ಟವಾಗುತ್ತದೆ. ವೇಡಿಂಗ್ ಬೂಟು ನೀರನ್ನು ತಡೆಯುವುದಿಲ್ಲ. ಒಳಗೆ ಬಿಟ್ಟುಕೊಂಡು, ಬದಿಯ ತೂತುಗಳಿಂದ ಹೊರಗೆ ಹಾಕುತ್ತದೆ. ಕಾಲು ಬೆಚ್ಚಗಿಡುವುದು ನಿಯೋಪ್ರೀನ್ (ಮೆತ್ತನೆಯ ರಬ್ಬರ್) ಕಾಲುಚೀಲದ ಕೆಲಸ. ಅಲ್ಲಿನದು ಹಿಮ ಕರಗಿದ ನೀರು, ಅದನ್ನು ಮರೆಯಬೇಡಿ.

ಇನ್ನು ಹಗುರ ಅನ್ನುವ ಮಾತು. ಡಬ್ಬಿಯ ಮೇಲೆ ಬರೆದಿರುವುದು ಒಣ ಬೂಟಿನ ತೂಕ. ವಾಪಸ್ ಬರುವಾಗ ನೀವು ನಡೆಯುವುದು ಒದ್ದೆ ಬೂಟಿನಲ್ಲಿ, ಅಲ್ವಾ? ಹಾಗಾಗಿ ಅಂಗಡಿಯಲ್ಲಿ ಒಳಗೆ ಕೈ ಹಾಕಿ ಒತ್ತಿ ನೋಡಿ. ದಪ್ಪ ಸ್ಪಂಜು ಸಿಕ್ಕರೆ ಅದು ನೀರು ಕುಡಿಯುತ್ತದೆ. ಚರ್ಮವೂ ಕುಡಿಯುತ್ತದೆ, ಒಣಗಿದರೆ ಬಿರುಸಾಗುತ್ತದೆ. ಸಿಂಥೆಟಿಕ್ ಮತ್ತು ಜಾಲರಿ ಬಟ್ಟೆಯದ್ದು ಒಳ್ಳೆಯದು. ತಂದ ಮೇಲೆ ಒಮ್ಮೆ ತೂಗಿ, ಬಕೆಟ್‌ನಲ್ಲಿ ಹತ್ತು ನಿಮಿಷ ಮುಳುಗಿಸಿ, ಎತ್ತಿ ಹಿಡಿಯಿರಿ. ಹನಿ ನಿಂತ ಮೇಲೆ ಮತ್ತೆ ತೂಗಿ. ಎರಡನೆಯ ತೂಕವೇ ನಿಜವಾದ ತೂಕ. ಆದರೆ ತೂಕ ಉಳಿಸಲು ಬೆರಳ ಮುಂದಿನ ಗಟ್ಟಿ ರಬ್ಬರ್ ಮತ್ತು ಕಾಲಗಂಟಿನ ಆಸರೆ ಬಿಟ್ಟ ಬೂಟು ಕೊಳ್ಳಬೇಡಿ. ಗುಂಡುಗಲ್ಲಿನ ಸಂದಿನಲ್ಲಿ ಕಾಲು ಸಿಕ್ಕರೆ ಅವೇ ಕಾಯುವುದು.

ಪಾಚಿಗಟ್ಟಿದ ಕಲ್ಲಿನ ಮೇಲೆ ಫೆಲ್ಟ್‌ನಷ್ಟು ಹಿಡಿತ ಬರಿ ರಬ್ಬರ್‌ಗಿಲ್ಲ, ಅದು ನಿಜ. ಆದರೆ ಕಾಲುದಾರಿಯಲ್ಲಿ ಫೆಲ್ಟ್ ಕೈಕೊಡುತ್ತದೆ. ಮಳೆ ಬಿದ್ದ ಎರಿ ಹೊಲದಲ್ಲಿ ನಡೆದಂತೆ ಮಣ್ಣು ಹತ್ತಿಕೊಳ್ಳುತ್ತದೆ, ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಜಾರುತ್ತದೆ. ಬೇಗ ಒಣಗುವುದೂ ಇಲ್ಲ. ಒಂದು ಹಳ್ಳದ ಪಾಚಿಯನ್ನು ಇನ್ನೊಂದಕ್ಕೆ ಒಯ್ಯುತ್ತದೆ ಎಂದು ನ್ಯೂಜಿಲೆಂಡ್ 2008ರಲ್ಲೇ ಫೆಲ್ಟ್ ಸೋಲ್ ನಿಷೇಧಿಸಿತು. ನಿಮ್ಮದು ನಡಿಗೆ ಜಾಸ್ತಿ ಇರುವ ಪ್ರವಾಸ. ನನ್ನ ಮಾತು ಕೇಳುವುದಾದರೆ ಆಳವಾದ ಹಲ್ಲಿನ ರಬ್ಬರ್ ಸೋಲ್ ತಗೊಳ್ಳಿ, ಪಾಚಿಯ ಮೇಲೆ ಹಿಡಿತ ಸಿಗಲು ಅದಕ್ಕೆ ಟಂಗ್‌ಸ್ಟನ್ ಕಾರ್ಬೈಡ್‌ನ ಗಟ್ಟಿ ಮೊಳೆ ಹಾಕಿಸಿ. ಮೊಳೆ ಕೂರಿಸಲು ಸೋಲಿನಲ್ಲಿ ಜಾಗ ಇದೆಯಾ ಎಂದು ಮೊದಲೇ ಕೇಳಿ.

ಅಳತೆ ನೋಡುವಾಗ ನಿಯೋಪ್ರೀನ್ ಚೀಲ ಹಾಕಿಕೊಂಡೇ ನೋಡಿ. ಸಾಮಾನ್ಯವಾಗಿ ಒಂದು ನಂಬರ್ ದೊಡ್ಡದು ಬೇಕಾಗುತ್ತದೆ. ಹೊರಡುವ ಮುಂಚೆ ಚೀಲ, ಬೂಟು ಎರಡನ್ನೂ ನೆನೆಸಿ, ಮೊಳೆ ಹಾಕಿಸುವ ಮೊದಲೇ, ಕಪ್ಪತಗುಡ್ಡದ ಕಡೆ ಅರ್ಧ ದಿನ ನಡೆದು ಬನ್ನಿ. ಹಿಮ್ಮಡಿಯಲ್ಲಿ ಗುಳ್ಳೆ ಏಳುವುದಿದ್ದರೆ ಇಲ್ಲೇ ಏಳಲಿ, ಬೂಟು ಬದಲಿಸಲು ಇನ್ನೂ ಸಮಯ ಇರುತ್ತದೆ.

ಅಂದಹಾಗೆ, ಟ್ರೌಟ್ ಹಿಡಿಯಲು ಹಿಮಾಚಲದ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಗಾಳ ಬಿಚ್ಚುವ ಮೊದಲೇ ಅದನ್ನು ಮಾಡಿಸಿಕೊಳ್ಳಿ.