ಕಾಡಿನ ಬಂಗಲೆಗೆ ಗೆಳೆಯರ ಜೊತೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಶುರುವಾದರೆ ಸಾಕು, ಈ ಅಂಕಣಕ್ಕೆ ಕಾಡಿನ ಪತ್ರಗಳು ಬರುತ್ತವೆ. ಈ ಸಲ ಬಂದವುಗಳಲ್ಲಿ ಐದನ್ನು ಆರಿಸಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಸಿಂಧನೂರಿನಿಂದ: ಮೇಡಂ, ನಾವು ಐದು ಜನ ಹಳೇ ಕಾಲೇಜು ಗೆಳೆಯರು. ಇಬ್ಬರು ಮೇಷ್ಟ್ರು, ಒಬ್ಬನದು ಭತ್ತದ ವ್ಯಾಪಾರ, ಒಬ್ಬ ಬ್ಯಾಂಕಿನಲ್ಲಿ, ನಾನು ಔಷಧಿ ಅಂಗಡಿ ಇಟ್ಟಿದ್ದೇನೆ. ಎರಡು ದಿನ ಫೋನ್ ಬಾರದ ಕಡೆ ಹೋಗಿ ಸುಮ್ನೆ ಕೂತು ಮಾತಾಡಬೇಕು ಅಂತ ಆಸೆ. ಅರಣ್ಯ ಇಲಾಖೆಯ ಬಂಗಲೆ ನಮ್ಮಂಥವರಿಗೆ ಸಿಗುತ್ತಾ? ನಮ್ಮ ಜಿಲ್ಲೆಯಲ್ಲೇ ಕಾಡು ಇದೆಯಾ?

ಮೊದಲು ಕಾಡಿನ ಮಾತು. ರಾಯಚೂರು ಎಡೆದೊರೆ ನಾಡು. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ, ನಡುವೆ ಹೊಲ, ಕಾಲುವೆ, ಬಂಡೆಗುಡ್ಡ. ದಟ್ಟ ಕಾಡು ಇಲ್ಲಿ ಹುಡುಕಿದರೂ ಸಿಗದು. ನಿಮಗೆ ಹತ್ತಿರದ ಒಳ್ಳೆಯ ಕಾಡು ಅಂದರೆ ಸಂಡೂರಿನ ಗುಡ್ಡಗಳದ್ದು. ಗಂಗಾವತಿ, ಹೊಸಪೇಟೆ ಮೇಲೆ ಹೋಗಬಹುದು. ಬಳ್ಳಾರಿ ಜಿಲ್ಲೆ ಅಂದ ತಕ್ಷಣ ಬಿಸಿಲು, ಕೆಂಪು ಧೂಳು ನೆನಪಾಗುವವರು ಮಳೆ ಬಿದ್ದ ಮೇಲೆ ಆ ಕಣಿವೆಯನ್ನು ನೋಡಬೇಕು. ಅಲ್ಲಿನ ರಾಮನದುರ್ಗ 3,000 ಅಡಿಗೂ ಎತ್ತರದಲ್ಲಿದೆ. ಬಳ್ಳಾರಿ ದಂಡಿನ ಬ್ರಿಟಿಷ್ ಸಿಪಾಯಿಗಳು ಬಿಸಿಲು ತಾಳಲಾರದೆ ಅಲ್ಲಿಗೆ ಹತ್ತಿ ಹೋಗಿ ಸುಧಾರಿಸಿಕೊಳ್ಳುತ್ತಿದ್ದರು. ಆಗಸ್ಟ್‌ನಿಂದ ನವೆಂಬರ್‌ವರೆಗೆ ಹೋಗಿ. ಮಾರ್ಚ್‌ನಿಂದ ಮೇ ತನಕ ಬೇಡ, ಎಲೆ ಉದುರಿರುತ್ತದೆ, ನೀರಿಗೂ ಕಷ್ಟ. ಇನ್ನೊಂದು ವಿಷಯ, ಅದಿರಿನ ಲಾರಿ ಓಡಾಡುವ ರಸ್ತೆಯ ಹತ್ತಿರ ಉಳಿದರೆ ರಾತ್ರಿಯೆಲ್ಲ ಅದೇ ಸದ್ದು. ಜಾಗ ಗೊತ್ತು ಮಾಡುವ ಮುಂಚೆ ಇದನ್ನು ಕೇಳಿಕೊಳ್ಳಿ.

ಇನ್ನು ಬಂಗಲೆ. ಇವು ಹೋಟೆಲ್ ಅಂತ ಕಟ್ಟಿದ ಮನೆಗಳಲ್ಲ. ಬ್ರಿಟಿಷರ ಕಾಲದಲ್ಲಿ ಅರಣ್ಯ ಅಧಿಕಾರಿಗಳು ಕುದುರೆ ಮೇಲೆ ಕಾಡು ಸುತ್ತುವಾಗ ರಾತ್ರಿ ತಂಗಲು ಕಟ್ಟಿದ್ದು. ಅದಕ್ಕೇ ಹಳೆಯ ಬಂಗಲೆಗಳು ಹೆಚ್ಚಾಗಿ ನೀರು, ನೆರಳು ಇರುವ ಕಡೆ ಇರುತ್ತವೆ. ಇವತ್ತಿಗೂ ಮೊದಲ ಹಕ್ಕು ಕೆಲಸದ ಮೇಲೆ ಬರುವ ಅಧಿಕಾರಿಗಳದ್ದು, ಉಳಿದ ದಿನ ಮಾತ್ರ ನಮಗೆ. ಹಾಗಾಗಿ ಕೊನೇ ಗಳಿಗೆಯಲ್ಲಿ ಸಾಹೇಬರು ಬರುತ್ತಾರೆ ಅಂತ ನಿಮ್ಮ ಬುಕಿಂಗ್ ರದ್ದಾಗಬಹುದು. ಅದಕ್ಕೆ ಸಿಟ್ಟಾಗಬೇಡಿ, ಎರಡನೇ ಜಾಗ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೊರಡಿ.

ಕೇಳಬೇಕಾದದ್ದು ಆ ವಿಭಾಗದ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಯಲ್ಲಿ, ಇಲ್ಲವೇ ವಲಯದ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಕಚೇರಿಯಲ್ಲಿ. ಒಂದು ಅರ್ಜಿ ಬರೆಯಿರಿ. ಎಷ್ಟು ಜನ, ಯಾವ ದಿನ, ಯಾವ ಗಾಡಿ, ಎಲ್ಲ ಅದರಲ್ಲಿರಲಿ. ಎಲ್ಲರ ಗುರುತಿನ ಚೀಟಿಯ ಜೆರಾಕ್ಸ್ ಲಗತ್ತಿಸಿ. ವಾರದ ನಡುವಿನ ದಿನ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಅನುಮತಿ ಕಾಗದ ಕೈಗೆ ಬಂದ ಮೇಲೆ ಹೊರಡಿ. ಪರಿಚಯದವರು ಫೋನ್ ಮಾಡಿದ್ದಾರೆ ಅನ್ನುವ ಧೈರ್ಯದ ಮೇಲೆ ಗೇಟಿಗೆ ಹೋಗಿ ನಿಲ್ಲಬೇಡಿ, ಅಲ್ಲಿರುವ ಗಾರ್ಡ್ ಇಕ್ಕಟ್ಟಿಗೆ ಸಿಕ್ಕುತ್ತಾನೆ. ಬಂಗಲೆ ಸಿಗಲೇ ಇಲ್ಲ ಅಂದರೆ ದಾಂಡೇಲಿ ಕಡೆಯ ಕುಳಗಿ, ಭದ್ರಾ ಕಾಡಿನ ಮುತ್ತೋಡಿ ಇವೆ. ಇಲಾಖೆಯ ಶಿಬಿರಗಳು, ದೂರ ಆಯಿತು, ಆದರೆ ಕಾಡು ದಟ್ಟ.

ಕೊಪ್ಪಳದಿಂದ: ನಮ್ಮ ಗುಂಪಿನಲ್ಲಿ ಒಬ್ಬ ಇದ್ದಾನೆ. ಬಂಗಾರದಂಥ ಮನುಷ್ಯ, ಯಾರಿಗೆ ಕಷ್ಟ ಬಂದರೂ ಮೊದಲು ಓಡಿ ಬರುವವನು ಅವನೇ. ಆದರೆ ಎಲ್ಲಿಗೆ ಹೋದರೂ ಸ್ಪೀಕರ್ ಬೇಕು, ಬಾಟಲಿ ಬೇಕು. ಅವನನ್ನು ಬಿಟ್ಟು ಹೋಗಲು ಮನಸ್ಸು ಬರೋದಿಲ್ಲ. ಕರೆದುಕೊಂಡು ಹೋದರೆ ಹೋದ ಕಾರಣವೇ ಹಾಳು. ಏನು ಮಾಡಲಿ?

ಇದು ಈ ಸಲದ ಅತಿ ಮುಖ್ಯ ಪತ್ರ ಅಂತ ನನಗೆ ಅನ್ನಿಸಿತು. ಯಾಕೆಂದರೆ ಇಂಥ ಪ್ರವಾಸ ಕೆಡುವುದು ಬಂಗಲೆಯಿಂದ ಅಲ್ಲ, ಊರು ಬಿಡುವ ಮೊದಲು ಮಾತಾಡಿಕೊಳ್ಳದೆ ಹೋದದ್ದರಿಂದ. ಒಬ್ಬನಿಗೆ ನಿದ್ದೆ ಬೇಕು, ಒಬ್ಬನಿಗೆ ಹಕ್ಕಿ ನೋಡಬೇಕು, ಇನ್ನೊಬ್ಬನಿಗೆ ಮನೆ ಬಿಟ್ಟು ಬಂದ ಖುಷಿಗೆ ಕುಣಿಯಬೇಕು. ಮೂರೂ ತಪ್ಪಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ ಮೂರೂ ಒಟ್ಟಿಗೆ ಆಗುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಹೇಳಬೇಡಿ. ನಾಲ್ಕು ಜನರ ಎದುರು ಹೇಳಿದರೆ ಅವನು ನಗುತ್ತಲೇ ನೊಂದುಕೊಳ್ಳುತ್ತಾನೆ. ಒಬ್ಬರೇ ಹೋಗಿ, ಮಿರ್ಚಿ-ಒಗ್ಗರಣಿ ತಿನ್ನುತ್ತಾ ಹೇಳಿ. ಅರಣ್ಯ ಇಲಾಖೆಯವರು ಬಿಡೋದಿಲ್ಲ ಅಂತ ನೆಪ ಹೇಳಬೇಡಿ. ನಿಯಮ ನಿಜವೇ, ಆದರೆ ನಿಯಮದ ಮಾತು ಬಂದರೆ ಅದನ್ನು ಹೇಗೆ ದಾಟೋದು ಅನ್ನೋ ಕಡೆಗೇ ಅವನ ಯೋಚನೆ ಹೋಗುತ್ತದೆ. "ಈ ಸಲ ನನಗೆ ಸುಮ್ನೆ ಇರಬೇಕು ಅನ್ನಿಸಿದೆ, ನೀನೂ ಜೊತೆಗಿರಬೇಕು" ಅಂತ ನಿಮ್ಮ ಆಸೆಯನ್ನೇ ನೇರವಾಗಿ ಹೇಳಿ. ಬಹಳ ಮಂದಿಗೆ ಹೀಗೆ ಯಾರೂ ಹೇಳಿಯೇ ಇರುವುದಿಲ್ಲ.

ಆಮೇಲೆ ಅವನಿಗೆ ಒಂದು ಕೆಲಸ ಒಪ್ಪಿಸಿ. ದಿನಸಿ ತರುವುದೋ, ಗಾಡಿ ನೋಡಿಕೊಳ್ಳುವುದೋ, ಏನಾದರೂ ಸರಿ. ಸದ್ದು ಮಾಡುವವರಲ್ಲಿ ಎಷ್ಟೋ ಜನ ಸುಮ್ಮನಿದ್ದರೆ ಬೇಜಾರಾದೀತು ಅಂತ ಹೆದರಿದವರು. ಕಾಡಿನಲ್ಲಿ ಮೊದಲ ಸಂಜೆ ನಿಜವಾಗಿಯೂ ಕಷ್ಟ. ಏಳಕ್ಕೆಲ್ಲ ಕತ್ತಲು, ಫೋನಿಗೆ ಸಿಗ್ನಲ್ ಇಲ್ಲ, ಕೈ ಸುಮ್ನೆ ಜೇಬಿಗೆ ಹೋಗಿ ಬರುತ್ತದೆ, ಏನು ಮಾತಾಡಬೇಕೋ ತೋಚುವುದಿಲ್ಲ. ಆ ಸಂಜೆಗೆ ಇಸ್ಪೀಟೋ ಚೌಕಾಬಾರವೋ ಇಟ್ಟುಕೊಳ್ಳಿ. ಎರಡನೇ ಸಂಜೆ ಮಾತು ತಾನಾಗಿ ಬರುತ್ತದೆ. ಸಾಲದ ಮಾತು, ಮಕ್ಕಳ ಮಾತು, ತೀರಿಹೋದ ಅಪ್ಪನ ಮಾತು, ಊರಲ್ಲಿ ವರ್ಷಗಟ್ಟಲೆ ಆಡದೆ ಇಟ್ಟುಕೊಂಡದ್ದು. ಒಂದೇ ರಾತ್ರಿಗೆ ಹೋಗಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಸ್ಪೀಕರ್ ಹಾಕಿದರೆ ಏನಾಗುತ್ತದೆ ಅಂತಲೂ ಅವನಿಗೆ ತಿಳಿಸಿ. ಮುಸ್ಸಂಜೆಗೆ ನತ್ತಿಂಗ ಹಕ್ಕಿ ಕೂಗುತ್ತದೆ, ಆಮೇಲೆ ಗೂಬೆ. ಹತ್ತಿರ ಹಳ್ಳವೋ ತೊಟ್ಟಿಯೋ ಇದ್ದರೆ ಪ್ರಾಣಿ ನೀರಿಗೆ ಬರುವುದೂ ಅದೇ ಹೊತ್ತಿಗೆ. ಹಾಡು ಕೇಳಿಸಿದರೆ ಅವು ಹಿಂದಕ್ಕೆ ಹೋಗುತ್ತವೆ. ಬೇಸಿಗೆಯಲ್ಲಿ ಆ ನೀರು ಬಿಟ್ಟರೆ ಅವಕ್ಕೆ ಬೇರೆ ದಿಕ್ಕಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಅವನು ಬೇಡ ಅಂದರೆ, ಬೇಡ. ಅವನ ಜೊತೆ ಹಂಪಿಗೋ ಟಿ.ಬಿ. ಡ್ಯಾಮಿಗೋ ಬೇರೆ ದಿನ ಹೋಗಿ. ಆದರೆ ಕಾಡಿಗೆ ಹೋಗುವುದನ್ನು ಅವನಿಂದ ಮುಚ್ಚಿಡಬೇಡಿ. ಗೊತ್ತಾಗುತ್ತದೆ, ಆಗ ಆಗುವ ನೋವು ಬಹಳ ದಿನ ಉಳಿಯುತ್ತದೆ.

ಸಂಡೂರು ತಾಲ್ಲೂಕಿನಿಂದ: ನಮ್ಮಪ್ಪ ಒಂದು ಕಾಡಿನ ಬಂಗಲೆಯಲ್ಲಿ ಮೇಟಿ, ಅಂದರೆ ಅಡುಗೆ ಮಾಡಿ ಬಂಗಲೆ ನೋಡಿಕೊಳ್ಳುವವನು. ಬಂದವರು ರಾತ್ರಿ ಹನ್ನೆರಡಕ್ಕೆ ಕೋಳಿಸಾರು ಕೇಳುತ್ತಾರೆ. ಬಾಟಲಿ ಒಡೆದು ಹೋಗುತ್ತಾರೆ, ಬೆಳಿಗ್ಗೆ ಅಪ್ಪ ಬಗ್ಗಿ ಗಾಜು ಆರಿಸುತ್ತಾನೆ. ದಯವಿಟ್ಟು ನಿಮ್ಮ ಅಂಕಣದಲ್ಲಿ ಇದನ್ನು ಬರೀರಿ.

ಬರೆಯುತ್ತೇನಪ್ಪಾ. ಓದುವವರೇ, ಬಂಗಲೆಗೆ ಹೋದರೆ ಮೇಟಿಯ ಹೆಸರನ್ನು ಮೊದಲು ಕೇಳಿ. ನಿಮಗಿಂತ ದೊಡ್ಡವರಾದರೆ ಅಣ್ಣಾ ಅನ್ನಿ, ಏ ಅನ್ನಬೇಡಿ. ಅಂಗಡಿ ಹತ್ತಾರು ಕಿಲೋಮೀಟರ್ ದೂರ ಇರಬಹುದು, ಅಕ್ಕಿ, ಬೇಳೆ, ಎಣ್ಣೆ, ತರಕಾರಿ, ಟೀ ಪುಡಿ ಎಲ್ಲ ನೀವೇ ಒಯ್ಯಿರಿ, ಹೋದ ತಕ್ಷಣ ಒಪ್ಪಿಸಿ. ಸಂಜೆ ಏಳೂವರೆ ಎಂಟಕ್ಕೆ ಊಟ ಮುಗಿಸಿ. ನೀವು ಉಂಡ ಮೇಲೆ ಅವರು ಪಾತ್ರೆ ತೊಳೆದು, ಕತ್ತಲಲ್ಲಿ ಕ್ವಾರ್ಟರ್ಸ್‌ಗೆ ನಡೆದು ಹೋಗಬೇಕು. ಕರಡಿ, ಚಿರತೆ ಇರುವ ಜಾಗ ಅದು, ಅವರಿಗೂ ಮನೆಯಲ್ಲಿ ಕಾಯುವವರು ಇರುತ್ತಾರೆ. ಬಾಡಿಗೆಯ ದುಡ್ಡು ಸರ್ಕಾರಕ್ಕೆ ಹೋಗುತ್ತದೆ, ಅಡುಗೆಯ ಶ್ರಮಕ್ಕೆ ಬೇರೆಯಾಗಿ ಕೈಗೆ ಕೊಡಿ. ಎಷ್ಟು ಅಂತ ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಮುಜುಗರ ಇಲ್ಲ.

ಒಡೆದ ಗಾಜು ಈ ಹುಡುಗನ ಅಪ್ಪನಂಥವರ ಕೈ ಕುಯ್ಯುತ್ತದೆ, ಪ್ರಾಣಿಯ ಕಾಲು ಸೀಳುತ್ತದೆ. ಅಭಯಾರಣ್ಯದಲ್ಲಿ ಕಸ ಚೆಲ್ಲುವುದು, ಪ್ರಾಣಿಯನ್ನು ಕೆಣಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಒಯ್ದ ಚೀಲದಲ್ಲೇ ಕಸ ತುಂಬಿ ಊರಿಗೆ ತನ್ನಿ. ತಮ್ಮಾ, ನಿಮ್ಮಪ್ಪನಿಗೆ ಹೇಳು, ರಾತ್ರಿ ಹಟ ಮಾಡುವವರ ವಿಷಯ ವಲಯ ಕಚೇರಿಗೆ ಮರುದಿನವೇ ತಿಳಿಸಲಿ. ಅರ್ಜಿಯಲ್ಲಿ ಅವರ ಹೆಸರು, ಗಾಡಿ ನಂಬರ್ ಇದ್ದೇ ಇರುತ್ತದೆ.

ಗಂಗಾವತಿಯಿಂದ: ರಾತ್ರಿ ಬೆಂಕಿ ಹಾಕಿಕೊಂಡು ಸುತ್ತ ಕೂರಬಹುದಾ? ಊಟಕ್ಕೆ ಏನು ಒಯ್ಯೋದು?

ಬೆಂಕಿ ಬೇಡ. ನಮ್ಮ ಕಡೆಯ ಕಾಡು ಒಣ ಹುಲ್ಲಿನ ಕಾಡು, ಚಳಿಗಾಲ ಮುಗಿಯುವಷ್ಟರಲ್ಲಿ ಒಂದು ಬೀಡಿ ತುಂಡು ಸಾಕು, ಗುಡ್ಡ ಉರಿಯಲು. ಚಳಿಗೆ ಕಂಬಳಿ ಒಯ್ಯಿರಿ. ಊಟಕ್ಕೆ ನಮ್ಮ ಕಡೆಯವರು ಯೋಚಿಸುವುದೇ ಬೇಡ ಅಲ್ವಾ? ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಉಳ್ಳಾಗಡ್ಡಿ. ಕೆಡುವುದಿಲ್ಲ, ಒಲೆ ಬೇಡ. ಆದರೆ ರಾತ್ರಿ ಡಬ್ಬಿ ಮುಚ್ಚಿ ಒಳಗಿಡಿ. ಬೆಲ್ಲ, ಹಣ್ಣು ಜಗಲಿಯಲ್ಲಿ ಬಿಟ್ಟರೆ ವಾಸನೆಗೆ ಕರಡಿ ಬರುತ್ತದೆ. ಮಂಗಗಳಿಗೆ ತಿನ್ನಲು ಕೊಡಬೇಡಿ.

ಬಳ್ಳಾರಿಯಿಂದ: ನಾವು ನಾಲ್ಕು ಜನ ಗೆಳತಿಯರು, ಎಲ್ಲರೂ ನಲವತ್ತರ ಆಸುಪಾಸು. ಕರಡಿ ನೋಡಬೇಕು, ಕಾಡಲ್ಲಿ ಒಂದೆರಡು ರಾತ್ರಿ ಇರಬೇಕು ಅಂತ ಆಸೆ. ಮನೆಯಲ್ಲಿ ಹೆಣ್ಮಕ್ಕಳೇ ಹೋಗೋದಾ ಅಂತಾರೆ. ಅಮ್ಮನಿಗೆ ಹಾವಿನ ಭಯ. ಹೋಗಬಹುದಾ?

ಖಂಡಿತ ಹೋಗಿ. ಆದರೆ ಮೊದಲ ಸಲಕ್ಕೆ ಒಂಟಿ ಬಂಗಲೆ ಬೇಡ ಅನ್ನುತ್ತೇನೆ. ಸಿಬ್ಬಂದಿ ಇರುವ ಜಾಗ ನೋಡಿ. ಕಮಲಾಪುರದ ಹತ್ತಿರ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಕರಡಿ ರೆಸಾರ್ಟ್ ಇದೆ. ದುಬಾರಿ, ನಿಜ. ಆದರೆ ಕೋಣೆಗೆ ಗಟ್ಟಿ ಚಿಲಕ, ಒಳಗೇ ಶೌಚಾಲಯ, ಜೊತೆಗೆ ಗೈಡ್. ಬಂಗಲೆಗೇ ಹೋಗುವುದಾದರೆ ಫೋನಿನಲ್ಲಿ ಇವನ್ನೇ ಕೇಳಿ: ಶೌಚಾಲಯ ಒಳಗಿದೆಯಾ ಹೊರಗಾ, ರಾತ್ರಿ ಕರೆಂಟ್ ಇರುತ್ತಾ, ವಾಚರ್ ಎಲ್ಲಿ ಮಲಗುತ್ತಾನೆ, ಸಿಗ್ನಲ್ ಎಷ್ಟು ದೂರದಲ್ಲಿ ಸಿಗುತ್ತದೆ. ಮನೆಯವರಿಗೆ ಆರ್‌ಎಫ್‌ಒ ಕಚೇರಿಯ ನಂಬರ್ ಕೊಟ್ಟು, ವಾಪಸ್ ಬರುವ ಹೊತ್ತು ಹೇಳಿ ಹೊರಡಿ. ಅಷ್ಟು ಗೊತ್ತಿದ್ದರೆ ಅವರೂ ನೆಮ್ಮದಿಯಾಗಿರುತ್ತಾರೆ.

ಕರಡಿ ನೋಡಲು ದರೋಜಿಗೆ ಹೋಗಿ, ಅದೂ ಕಮಲಾಪುರದ ಹತ್ತಿರವೇ. 1994ರಲ್ಲಿ ಕರಡಿಗಳಿಗಾಗಿಯೇ ಮಾಡಿದ ಧಾಮ. ಮಧ್ಯಾಹ್ನ ಸಿಬ್ಬಂದಿ ಬಂಡೆಗಳಿಗೆ ಬೆಲ್ಲ, ಜೇನು ಬೆರೆಸಿ ಹಚ್ಚುತ್ತಾರೆ, ಸಂಜೆ ಕರಡಿಗಳು ಇಳಿದು ಬಂದು ನೆಕ್ಕುತ್ತವೆ. ನೀವು ದೂರದ ಗೋಪುರದಿಂದ ನೋಡಬೇಕು, ದುರ್ಬೀನು ಒಯ್ಯಿರಿ. ಅದೃಷ್ಟ ಇದ್ದರೆ ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿ ಸಿಗುತ್ತಾಳೆ. ಗೋಪುರದಲ್ಲಿ ಪಿಸುಮಾತೂ ಕಡಿಮೆ ಇರಲಿ.

ನಡೆಯುವಾಗ ಮಾತ್ರ ಇದಕ್ಕೆ ತಿರುಗಾಮುರುಗಾ. ಕರಡಿಗೆ ಕಣ್ಣು ಮಂದ, ಹುತ್ತ ಅಗೆಯುತ್ತಾ ಮೈಮರೆತಿರುತ್ತದೆ. ಸದ್ದಿಲ್ಲದೆ ಹತ್ತಿರ ಹೋಗಿಬಿಟ್ಟರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಆದ್ದರಿಂದ ವಾಚರ್ ಜೊತೆಗೇ, ಹಗಲಲ್ಲೇ, ಮಾತಾಡುತ್ತಾ ನಡೆಯಿರಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಪೊದೆಯ ಕಡೆ ಬೇಡ. ಸೀತಾಫಲದ ಕಾಲದಲ್ಲಿ ಇನ್ನೂ ಎಚ್ಚರ, ಆ ಹಣ್ಣು ಅದಕ್ಕೂ ಇಷ್ಟ. ಕಂಡರೆ ಓಡಬೇಡಿ, ಮುಖ ಅದರ ಕಡೆ ಇಟ್ಟುಕೊಂಡು ನಿಧಾನ ಹಿಂದೆ ಸರಿಯಿರಿ. ಮರ ಹತ್ತಿ ಪ್ರಯೋಜನ ಇಲ್ಲ, ಅದೂ ಹತ್ತುತ್ತದೆ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಕೈಗಳಿಂದ ಕುತ್ತಿಗೆ ಹಿಂಭಾಗ ಮುಚ್ಚಿಕೊಳ್ಳಿ.

ಅಮ್ಮನ ಭಯ ಸುಳ್ಳಲ್ಲ. ನಾಗರ, ಕೊಳಕುಮಂಡಲ ನಮ್ಮ ಕಡೆ ಇವೆ. ರಾತ್ರಿ ಅಂಗಳಕ್ಕೆ ಇಳಿದರೂ ಟಾರ್ಚ್ ಇರಲಿ, ಬೂಟು ಹಾಕುವ ಮುಂಚೆ ಕೊಡವಿ, ನೆಲದ ಮೇಲೆ ಮಲಗಬೇಡಿ. ಕಚ್ಚಿದರೆ ಹಗ್ಗ ಬಿಗಿಯುವುದು, ಕುಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಕಾಡಿನೊಳಗೆ ಬರಲು ಹೊತ್ತಾಗುವಂತಿದ್ದರೆ ನಿಮ್ಮ ಗಾಡಿಯಲ್ಲೇ ಎದುರು ಹೊರಡಿ. ಅದಕ್ಕಾಗಿ ಗಾಡಿಯಲ್ಲಿ ಡೀಸೆಲ್ ತುಂಬಿಸಿಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್ ಇದೆಯಾ ಅಂತ ಹೊರಡುವ ಹಿಂದಿನ ದಿನವೇ ಫೋನ್ ಮಾಡಿ ಕೇಳಿ, ಕೇಳಿದ್ದನ್ನು ಅಮ್ಮನಿಗೂ ಹೇಳಿ.