ತೊಗರಿ ಲೇಖನ ವಾಪಸು ಕಳಿಸುತ್ತಿದ್ದೇನೆ, ಕಾರಣ ಓದಿರಿ

ನಮಸ್ಕಾರ್ರಿ,

‘ಟ್ಯಾಗ್ ತಂದ ಭಾಗ್ಯ’ ಓದಿದೆ. ಈಗಿರುವ ಹಾಗೆ ಹಾಕಲಾಗದು. ಭಾಷೆಯ ಬಗ್ಗೆ ತಕರಾರಿಲ್ಲ. ಅಡತಿಯವರು (ದಲ್ಲಾಳಿಗಳು) ಚೀಲಕ್ಕೆ ಕೈ ಹಾಕಿ, ಹಿಡಿ ಕಾಳು ತೆಗೆದು ಅಂಗೈಯಲ್ಲಿ ಉಜ್ಜಿ ನೋಡುವ ಪ್ಯಾರಾ ಓದಿದರೆ ನೀವು ಗಂಜ್ (ಕಲಬುರಗಿಯ ಧಾನ್ಯ ಮಾರುಕಟ್ಟೆ) ಕಂಡವರೆಂದು ಗೊತ್ತಾಗುತ್ತದೆ. ಕೆಟ್ಟಿರುವುದು ವಾದ.

ಇಡೀ ಲೇಖನ ಒಂದೇ ಮಾತಿನ ಮೇಲೆ ನಿಂತಿದೆ: 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಜಿಐ ಟ್ಯಾಗ್ (ಇಂಥ ಪ್ರದೇಶದ್ದೇ ಮಾಲು ಎಂಬ ಭೌಗೋಳಿಕ ಗುರುತು) ಸಿಕ್ಕಿತು, 2023ರಲ್ಲಿ ದರ ಏರಿತು, ಆದ್ದರಿಂದ ಏರಿಸಿದ್ದು ಟ್ಯಾಗೇ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಗಂಟು ಹಾಕಿದ್ದೀರಿ. 2015ರಲ್ಲೂ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತಲ್ಲ, ಆಗ ಯಾವ ಟ್ಯಾಗ್ ಇತ್ತು? ಮುಂದಿನ ಹಂಗಾಮಿಗೆ ಭರಪೂರ ಬೆಳೆ ಬಂದು ದರ ನೆಲಕಚ್ಚಿತು. 2023ರ ಏರಿಕೆಗೆ ಮುಂಚೆ ನಮ್ಮ ಜಿಲ್ಲೆಯ ಹೊಲಗಳನ್ನು ನೆಟೆರೋಗ ಒಣಗಿಸಿದ್ದು ನಿಮಗೆ ಗೊತ್ತಿಲ್ಲದ್ದೇನಲ್ಲ. ಲೇಖನದಲ್ಲಿ ಅದರ ಸುಳಿವೇ ಇಲ್ಲ. ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ಬರುವ ಕಾಳಿನ ಮಾತೂ ಇಲ್ಲ.

ಇನ್ನೂ ಒಂದಿದೆ. ಟ್ಯಾಗ್ ಇರುವುದು ಬೇಳೆಗೆ, ರೈತ ಗಂಜ್‌ಗೆ ತರುವುದು ಕಾಳು. ನಡುವೆ ದಾಲ್ ಮಿಲ್ ಕೂತಿದೆ. ಗಿರಾಕಿ ಕೊಟ್ಟ ಹೆಚ್ಚಿನ ದುಡ್ಡು ಮಿಲ್ ದಾಟಿ ರೈತನ ಕೈ ಸೇರಿತು ಎನ್ನಲು ಏನು ಪುರಾವೆ ಕೊಟ್ಟಿರಿ?

ಹಾಗಂತ ನಿಮ್ಮ ತೀರ್ಮಾನವೇ ಸುಳ್ಳು ಎಂದು ನಾನು ಹೇಳಿದರೆ ಅದೂ ತಪ್ಪು ತರ್ಕ. ಟ್ಯಾಗ್‌ನಿಂದ ಲಾಭ ಆಗಿರಲೂಬಹುದು, ನೀವು ತೋರಿಸಿಲ್ಲ ಅಷ್ಟೆ. ಕಲಬುರಗಿ ದರವನ್ನು ಮಹಾರಾಷ್ಟ್ರದ ಲಾತೂರ್ ಪೇಟೆಯ ಅದೇ ದಿನದ ದರದ ಪಕ್ಕ ಇಡಿ. 2019ಕ್ಕೆ ಹಿಂದಿನ ಮೂರು ವರ್ಷ, ಮುಂದಿನ ಮೂರು ವರ್ಷ ನೋಡಿ. ಆಮದು ಎರಡೂ ಪೇಟೆಗೆ ಒಂದೇ. ನೆಟೆರೋಗದ ಹಂಗಾಮು ಬಿಡಿ, ಅದು ಲೆಕ್ಕ ಕೆಡಿಸುತ್ತದೆ. ಅಂತರ ನಮ್ಮ ಕಡೆ ಹಿಗ್ಗಿದ್ದರೆ ಟ್ಯಾಗ್ ಪರ ಮಾತಾಡಲು ಸ್ವಲ್ಪವಾದರೂ ಆಧಾರ ಸಿಗುತ್ತದೆ.

ಮೂರನೇ ಪುಟದಲ್ಲಿ ವಿಜ್ಞಾನಿಯೊಬ್ಬರನ್ನು ‘ಎಸಿ ರೂಮಿನಲ್ಲಿ ಕೂತವರಿಗೆ ಹೊಲ ಏನು ಗೊತ್ತು’ ಎಂದು ತಳ್ಳಿಹಾಕಿದ್ದೀರಿ. ಕಲಬುರಗಿ ಬಿಸಿಲಿಗೆ ಎಸಿ ಹಾಕಿಕೊಂಡರೆ ಅಂಕಿ ಸುಳ್ಳಾಗುತ್ತದೇನ್ರಿ? ಮಿಲ್ ಮಾಲೀಕರು ‘ದಾಸ್ತಾನೇ ಇಲ್ಲ’ ಎಂದರೆ ಅದರಲ್ಲಿ ಅವರ ಲಾಭವೇನು ಎಂದು ಕೇಳುವುದು ಸರಿ, ಏಕೆಂದರೆ ಅಲ್ಲಿ ಅವರ ಮಾತು ಬಿಟ್ಟರೆ ಬೇರೆ ಪುರಾವೆ ಇಲ್ಲ. ವಿಜ್ಞಾನಿ ಅಂಕಿ ಇಟ್ಟಿದ್ದಾರೆ. ಉತ್ತರ ಅಂಕಿಗೆ ಕೊಡಿ.

ಕೊರತೆಯ ವರ್ಷ ಆಮದು ಬೇಕು ಎಂದವರನ್ನು ‘ರೈತರನ್ನು ಮುಗಿಸಲು ಹೊರಟವರು’ ಎಂದಿದ್ದೀರಿ. ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕಿ, ಅದಕ್ಕೇ ಪುಟಗಟ್ಟಲೆ ಉತ್ತರ ಬರೆದಿದ್ದೀರಿ. ‘ಟ್ಯಾಗ್ ಒಪ್ಪದವರು ರೈತದ್ರೋಹಿಗಳು’ ಎಂಬ ಸಾಲೂ ಹೋಗಲಿ. ಟ್ಯಾಗ್ ಬೇಕು, ಆದರೆ ದರ ಏರಿದ್ದು ಅದರಿಂದಲ್ಲ ಎನ್ನುವ ನನ್ನಂಥವರು ಎಲ್ಲಿಗೆ ಹೋಗಬೇಕು? ಕೊನೆಗೆ ಹಳೆಯ ಧರ್ಮಶಾಸ್ತ್ರಕಾರ, ಮರತೂರಿನ ವಿಜ್ಞಾನೇಶ್ವರನನ್ನೂ ಸಾಕ್ಷಿಗೆ ಕರೆದಿದ್ದೀರಿ. ಅವನ ಗ್ರಂಥ ಮಿತಾಕ್ಷರಾ ಆಸ್ತಿ ಹಂಚಿಕೆಗೆ ದೊಡ್ಡ ಆಧಾರ ಹೌದು, ತೊಗರಿ ದರಕ್ಕಲ್ಲ.

ಲಾತೂರ್ ಹೋಲಿಕೆಯ ಫಲ ಯಾವ ಕಡೆ ಬಂದರೂ ಬರೆದು ಕಳಿಸಿ. 800 ಪದ ದಾಟಬೇಡಿ. ಡಿಸೆಂಬರ್ ಮೊದಲ ವಾರ ಕೈಸೇರಿದರೆ, ರಾಶಿ ನಡೆಯುವ ಹೊತ್ತಿನ ಜನವರಿ ಸಂಚಿಕೆಗೆ ಪರಿಶೀಲಿಸುತ್ತೇನೆ.

— ಸಂಪಾದಕ