ಇಂಗ್ಲಿಷ್ ಪದದಾಟಕ್ಕೆ ಇಡೀ ಡಿಕ್ಷನರಿ ಬೇಕಾಗಿಲ್ಲ

ಕನ್ನಡ ಮೀಡಿಯಂನಲ್ಲಿ ಓದಿದವರು ಸ್ಕ್ರ್ಯಾಬಲ್, ಕ್ರಾಸ್‌ವರ್ಡ್, ವರ್ಡಲ್ ಆಡಬೇಕಾದರೆ ಎಷ್ಟು ಇಂಗ್ಲಿಷ್ ಪದ ಗೊತ್ತಿರಬೇಕು, ಡಿಕ್ಷನರಿಯನ್ನೇ ಉರು ಹೊಡೆಯಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ನಾನು ದಾವಣಗೆರೆಯವಳು, ಕನ್ನಡ ಮೀಡಿಯಂನಲ್ಲೇ ಓದಿದವಳು, ಮೂರನ್ನೂ ಇಷ್ಟಪಟ್ಟು ಆಡುತ್ತೇನೆ. ಒಂದೊಂದು ಆಟಕ್ಕೂ ಬೇಕಾದ ಪದಗಳೇ ಬೇರೆ, ಅವು ನೀವು ಹೆದರಿದಷ್ಟು ಹೆಚ್ಚೂ ಇಲ್ಲ. ಒಂದಷ್ಟು ಆಗಲೇ ನಿಮ್ಮ ಬಾಯಲ್ಲಿವೆ.

ಸ್ಕ್ರ್ಯಾಬಲ್‌ನಿಂದ ಶುರು ಮಾಡಿ, ಚೀಲದಿಂದ ತೆಗೆದ ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮನೆಗಳಲ್ಲಿಟ್ಟು ಪದ ಕಟ್ಟಿ ಅಂಕ ಗಳಿಸುವ ಆಟ ಅದು. ಅಲ್ಲಿ ಉದ್ದುದ್ದ ಪದ ಗೊತ್ತಿರುವವರಿಗಿಂತ ಎರಡಕ್ಷರದ ಪದ ಗೊತ್ತಿರುವವರು ಗೆಲ್ಲುತ್ತಾರೆ. ಆಟದಲ್ಲಿ ಒಪ್ಪುವ ಪದಗಳ ಕಾಲಿನ್ಸ್ ಪಟ್ಟಿಯಲ್ಲಿ ಅಂಥವು ಸುಮಾರು 125 ಇವೆ, ದಿನಕ್ಕೆ ನಾಲ್ಕೈದು ಅಂದರೂ ಒಂದು ತಿಂಗಳ ಕೆಲಸ. ಅವುಗಳ ಬೆಲೆ ಎಷ್ಟು ಅಂತ ಒಂದು ಉದಾಹರಣೆ ಕೊಡುತ್ತೇನೆ. ರಜೆಗೆ ಬಂದಿದ್ದ ತಂಗಿಯ ಮಗಳ ಕೈಗೆ ಕ್ಯೂ ಬಂತು, ಯು ಇರಲಿಲ್ಲ. "ದೊಡ್ಡಮ್ಮ, ಇದನ್ನ ಚೀಲಕ್ಕೆ ಹಾಕಿ ಬೇರೆ ತಗೋತೀನಿ" ಅಂದಳು. ಬೋರ್ಡಿನ ಮೇಲೆ ಟ್ಯಾಕ್ಸಿ ಅನ್ನೋ ಪದ ಅಡ್ಡಕ್ಕೆ ಕೂತಿತ್ತು. ಅದರ ಕೊನೆಯ ಐ ಅಕ್ಷರದ ನೆತ್ತಿಯ ಮೇಲಿದ್ದದ್ದು ಅಕ್ಷರದ ಅಂಕ ಮೂರು ಪಟ್ಟಾಗುವ ಮನೆ. ಅಲ್ಲಿ ಕ್ಯೂ ಇಡು, ಅದರ ಬಲಕ್ಕೆ ನಿನ್ನ ಹತ್ತಿರ ಇರೋ ಐ ಇಡು ಅಂದೆ. ಕ್ಯೂ-ಐ ಅನ್ನುವುದು ಪದವೇ, ಚೀನಿಯರು ಪ್ರಾಣಶಕ್ತಿಗೆ ಹೇಳುವುದು. ಅಡ್ಡಕ್ಕೂ ಅದೇ, ಮೇಲಿಂದ ಕೆಳಕ್ಕೂ ಅದೇ. ಕ್ಯೂಗೆ 10, ಮೂರು ಪಟ್ಟು 30, ಐಗೆ 1, ಎರಡು ಕಡೆ ಸೇರಿ 62. ಎರಡೇ ಬಿಲ್ಲೆಗೆ! ಆ ಹುಡುಗಿ ಅವತ್ತಿಂದ ಕ್ಯೂ ಬಂದರೆ ಬಿಡುವುದಿಲ್ಲ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಯಾರೂ ಹೇಳುವುದಿಲ್ಲ. ಯು ಬೆನ್ನಿಗಿಲ್ಲದ ಕ್ಯೂ ಪದಗಳಲ್ಲಿ ಎಷ್ಟೋ ಅರಬ್ಬಿ ಮೂಲದವು: ತಲಾಖ್, ಫಕೀರ್, ಬುರ್ಖಾ, ಕವ್ವಾಲಿ. ದಾವಣಗೆರೆಯಲ್ಲಿ ಬೆಳೆದವರು ಇವನ್ನೆಲ್ಲ ಹುಟ್ಟಿದಾಗಿನಿಂದ ಕೇಳಿರುತ್ತಾರೆ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಇವುಗಳಲ್ಲಿ ನಾವು 'ಕ' ಅಥವಾ 'ಖ' ಅನ್ನುವ ಕಡೆ ಕ್ಯೂ ಇದೆ ಅಂತ ನೆನಪಿಟ್ಟರೆ ಸಾಕು. ಹಾಗೆಯೇ ದೋಸಾ, ಇಡ್ಲಿ, ರಾಗಿ, ಘೀ, ರೋಟಿ, ಧೋತಿ, ಲಕ್ಷಕ್ಕೆ ಲಾಖ್, ತಾಲ್ಲೂಕು, ಇವೆಲ್ಲ ಪಟ್ಟಿಯಲ್ಲಿವೆ. ಹಳೇ ಮೈಸೂರು ಸಂಸ್ಥಾನದ ಅಮಲ್ದಾರ್ ಕೂಡ ಇದ್ದಾರೆ. ಎ, ಎಂ, ಐ, ಎಲ್, ಡಿ, ಎ, ಆರ್, ಸರಿಯಾಗಿ ಏಳು ಅಕ್ಷರ. ಏಳೂ ಬಿಲ್ಲೆ ಒಟ್ಟಿಗೆ ಇಳಿಸಿದರೆ 50 ಅಂಕ ಹೆಚ್ಚುವರಿ. ನಮ್ಮ ಮಂಡಕ್ಕಿ ಮಾತ್ರ ಇನ್ನೂ ಸೇರಿಲ್ಲ.

ಏಳಕ್ಷರದ ಪದ ಕಲಿಯೋಕೆ ಒಳ್ಳೆಯ ದಾರಿ ಒಂದಿದೆ. ಆರ್, ಇ, ಟಿ, ಐ, ಎನ್, ಎ, ಈ ಆರು ಅಕ್ಷರ ಸೇರಿದರೆ ರೆಟಿನಾ. ಇದಕ್ಕೆ ಸಿ ಸೇರಿಸಿ, ಸರ್ಟನ್ ಆಗುತ್ತದೆ. ಪಿ ಸೇರಿಸಿದರೆ ಪೇಂಟರ್, ಎಂ ಸೇರಿಸಿದರೆ ಮಿನರೆಟ್, ಎಸ್ ಸೇರಿಸಿದರೆ ರಿಟೇನ್ಸ್, ನಾಸ್ಟಿಯರ್. ಜಿ ಸೇರಿಸಿದರೆ ಚಿತ್ರದುರ್ಗದ ಕೋಟೆ ನಿಂತಿರುವ ಕಲ್ಲು, ಗ್ರಾನೈಟ್. ಹೀಗೇ ಯಾಕೆ ಅಂದರೆ ಈ ಆಟವನ್ನು ಕಟ್ಟಿದ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ಆರ್ಕಿಟೆಕ್ಟ್ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ಬಿಲ್ಲೆ ಹಂಚಿದವನು. 100 ಬಿಲ್ಲೆಗಳಲ್ಲಿ ಇ ಒಂದೇ 12 ಇದೆ. ರೆಟಿನಾದ ಅಕ್ಷರಗಳೇ ಪದೇ ಪದೇ ಕೈಗೆ ಬರುತ್ತವೆ. ಇವನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಡಿ. ನಮಗೆ ಉಚ್ಚಾರಣೆಯಿಂದ ಬರೆದು ರೂಢಿ, ಈ ಆಟಕ್ಕೆ ಕಣ್ಣು ಸ್ಪೆಲ್ಲಿಂಗ್‌ಗೆ ಒಗ್ಗಬೇಕು. ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಬೇಕಂತಲೇ ಹಿಂದುಮುಂದು ಮಾಡಿ ಬರೆಯಿರಿ, ಮಾರನೇ ದಿನ ನೀವೇ ಬಿಡಿಸಿ.

ವರ್ಡಲ್‌ಗೆ ಇಷ್ಟೆಲ್ಲ ಬೇಕಿಲ್ಲ, ಗುಟ್ಟಾದ ಐದಕ್ಷರದ ಪದವನ್ನು ಆರು ಸಲದೊಳಗೆ ಊಹಿಸುವ ಆಟ ಅದು, ಪ್ರತಿ ಊಹೆಗೂ ಯಾವ ಅಕ್ಷರ ಸರಿ ಅಂತ ತಿಳಿಯುತ್ತದೆ. ಅದರ ಉತ್ತರಗಳು ಹೆಚ್ಚುಪಾಲು ದಿನಪತ್ರಿಕೆಯಲ್ಲಿ ಕಾಣುವ ಐದಕ್ಷರದ ಪದಗಳೇ. ಒಂದು ಹಳ್ಳ ಮಾತ್ರ ತಪ್ಪಿಸಿಕೊಳ್ಳಿ. ಕೊನೆಯ ನಾಲ್ಕಕ್ಷರ ಐ-ಜಿ-ಎಚ್-ಟಿ ಅಂತ ಗೊತ್ತಾದಾಗ ಲೈಟ್, ನೈಟ್, ಫೈಟ್, ರೈಟ್, ಮೈಟ್, ಸೈಟ್ ಅಂತ ಒಂದೊಂದೇ ಹಾಕುತ್ತಾ ಹೋದರೆ ಆರು ಅವಕಾಶವೂ ಮುಗಿಯುತ್ತದೆ. ನಡುವೆ ಒಂದು ಸಲ ಫಾರ್ಮ್ಸ್ ಅಂತ ಹಾಕಿ, ಎಫ್, ಆರ್, ಎಂ, ಎಸ್ ನಾಲ್ಕೂ ಒಂದೇ ಏಟಿಗೆ ತಿಳಿಯುತ್ತವೆ. ಗೊತ್ತಾದ ಅಕ್ಷರಗಳನ್ನು ಮುಂದಿನ ಊಹೆಯಲ್ಲೂ ಬಳಸಲೇಬೇಕಾದ ಹಾರ್ಡ್ ಮೋಡ್‌ನಲ್ಲಿ ಇದಕ್ಕೆ ಅವಕಾಶವಿಲ್ಲ.

ಸುಳಿವಿನ ಮಾತಿನಲ್ಲೇ ಒಗಟು ಅಡಗಿಸಿರುವ ಕ್ರಿಪ್ಟಿಕ್ ಕ್ರಾಸ್‌ವರ್ಡ್‌ಗೆ ಬೇಕಾದದ್ದು ಪದಗಳಿಗಿಂತ ಸಂಕೇತಗಳು. ಸುಳಿವಿನಲ್ಲಿ ಸೇಲರ್ ಅಂದರೆ ಟಾರ್ ಅಥವಾ ಎ-ಬಿ. ಲವ್ ಅಂದರೆ ಓ, ಟೆನಿಸ್‌ನ ಸೊನ್ನೆ. ಕ್ವಯಟ್ ಅಂದರೆ ಪಿ, ಲೌಡ್ ಅಂದರೆ ಎಫ್, ಎರಡೂ ಪಾಶ್ಚಾತ್ಯ ಸಂಗೀತದ ಗುರುತು. ವರ್ಕರ್ ಇರುವೆಯೋ ಜೇನೋ ಆಗಿರಬಹುದು. ಫ್ಲವರ್ ಕಂಡರೆ ಹೂವನ್ನೇ ಹುಡುಕಬೇಡಿ, ಫ್ಲೋ ಆಗುವ ನದಿಯೂ ಇರಬಹುದು. ಮ್ಯಾಡ್, ಬ್ರೋಕನ್, ಡ್ರಂಕ್ ಇಂಥವು ಬಂದರೆ ಪಕ್ಕದ ಪದದ ಅಕ್ಷರ ಕಲಸಿ ನೋಡಿ. 'ಮ್ಯಾಡ್ ಡಾಗ್' ಅಂದರೆ ಡಾಗ್ ತಿರುಗಿ ಗಾಡ್. ಇಂಥ ಐವತ್ತು ಸಂಕೇತ ತಿಳಿದರೆ ಖಾಲಿ ಮನೆಗಳು ತುಂಬತೊಡಗುತ್ತವೆ. ಮೊದಮೊದಲು ಬಿಡಿಸುವುದಕ್ಕಿಂತ ಹೆಚ್ಚು ಹೊತ್ತು ಮಾರನೇ ದಿನದ ಉತ್ತರವನ್ನು ಸುಳಿವಿನ ಪಕ್ಕ ಇಟ್ಟು ಓದಿ.

ಕೊನೆಗೆ, ಸ್ಕ್ರ್ಯಾಬಲ್‌ಗೆ ಕೂರುವ ಮೊದಲೇ ಯಾವ ಪಟ್ಟಿ ಅಂತ ಮಾತಾಡಿಕೊಳ್ಳಿ. ಅಮೆರಿಕದ ಪಟ್ಟಿಯೇ ಬೇರೆ, ಕಾಲಿನ್ಸ್‌ನಲ್ಲಿರುವ ಎಷ್ಟೋ ಪದ ಅದರಲ್ಲಿಲ್ಲ. ಫೋನಿನ ಆ್ಯಪ್‌ನಲ್ಲಿ ಆಡುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಕಾಲಿನ್ಸ್ ಇದೆಯಾ ನೋಡಿ, ಇದ್ದರೆ ಅದನ್ನೇ ಆರಿಸಿ.